ಅಜ್ಜಿ ಹೇಳಿದ ಎಣ್ಣೆ

ನಮ್ಮಣ್ಣ ಮನುಷ್ಯರ ಮುಖ ನೋಡುವುದು ಕಡಿಮೆ. ನೋಡಿದರೆ ಕುರಿಯ ಕಣ್ಣು ನೋಡುತ್ತಾನೆ. ಬೆಳಿಗ್ಗೆ ಮಂದೆ ಬಿಡುವ ಮುಂಚೆ, ಯಾವ ಕುರಿಯ ಮೇಲೆ ಸಂಶಯ ಬಂತೋ ಅದನ್ನು ಎರಡು ಮೊಣಕಾಲಿನ ನಡುವೆ ಹಿಡಿದು, ಹೆಬ್ಬೆರಳಿನಿಂದ ಕೆಳರೆಪ್ಪೆ ಜಗ್ಗಿ ಒಳಗಿನ ಬಣ್ಣ ನೋಡುವುದು ಅವನ ಪದ್ಧತಿ. ಕೆಂಪಿದ್ದರೆ ಬಿಡುತ್ತಾನೆ. ಬಿಳಿಚಿಕೊಂಡಿದ್ದರೆ ಅದರ ಲಿವರಿಗೆ ಹುಳ ಬಿದ್ದಿದೆ ಎಂದು ಅರ್ಥ. ಅಂಬ್ಲಿಗೊಳದ ಹಿನ್ನೀರಿನ ಅಂಚಿನಲ್ಲಿ ಜೌಗು ಹುಲ್ಲು ಮೇಯ್ದ ಕುರಿಗಳಿಗೆ ಬರುವ ಕಾಯಿಲೆ ಅದು. ಅಂಥದ್ದರ ಬೆನ್ನಿಗೆ ನೀಲಿ ಬಣ್ಣದ ಒಂದು ಪಟ್ಟೆ ಎಳೆದು ಬೇರೆ ಕಟ್ಟುತ್ತಾನೆ. ಔಷಧಿ ಕುಡಿಸಿ ಮೂರು ವಾರ ಕಾಯುತ್ತಾನೆ. ಪಟ್ಟೆ ಬಿದ್ದ ಕುರಿಗಳಲ್ಲಿ ಅರ್ಧ ಉಳಿಯುತ್ತವೆ, ಅರ್ಧ ಇಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ನನ್ನ ರೆಪ್ಪೆ ಜಗ್ಗಿದ. ನನ್ನದು ಪಿಕಪ್ ಗಾಡಿ. ಮಂದೆಯವರ ಕುರಿಗಳನ್ನು ಶಿಕಾರಿಪುರದ ಸಂತೆಗೆ, ಅಲ್ಲಿಂದ ಮುಂದಕ್ಕೆ ಸಾಗಿಸುವುದು ನನ್ನ ಕಸುಬು. ಅವತ್ತು ಲೋಡು ಹತ್ತಿಸಲು ಹೋಗಿದ್ದೆ. ಬಾ ಇಲ್ಲಿ ಎಂದು ಕರೆದವನು ಮಾತಿಲ್ಲದೆ ಗದ್ದ ಹಿಡಿದು, ಕುರಿಗೆ ಮಾಡಿದ ಹಾಗೇ ಮಾಡಿದ. ನಾನೇನು ಕುರಿಯಾ ಎಂದು ರೇಗಿದೆ. ಅವನು ಬೆರಳನ್ನು ಟವೆಲಿಗೆ ಒರೆಸಿಕೊಂಡು, ನನ್ನನ್ನು ಬಿಟ್ಟು, ಬುತ್ತಿ ತಂದು ನಿಂತಿದ್ದ ನನ್ನ ಹೆಂಡತಿಗೆ ಹೇಳಿದ.

"ಇವನ್ನ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಮ್ಮ. ಕಣ್ಣು ಹಳದಿ ಆಗ್ಯಾವ."

ನನಗೆ ಬಂದದ್ದು ಭಯವಲ್ಲ, ಸಿಟ್ಟು. ನಾನು ಕುಡುಕನಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಕುಡುಕ ಎಂದರೆ ಚರಂಡಿಯಲ್ಲಿ ಬಿದ್ದವನು, ಹೆಂಡತಿಗೆ ಹೊಡೆಯುವವನು. ನಾನು ಗಾಡಿ ನಿಲ್ಲಿಸಿ, ಕೀಲಿ ಮನೆಯಲ್ಲಿಟ್ಟ ಮೇಲೆ ಕೂರುವವನು. ದಿನಕ್ಕೊಂದು ಕ್ವಾರ್ಟರ್, ಸಂತೆಯ ದಿನ ಅದರ ಮೇಲೊಂದು ನೈಂಟಿ. ಇದು ಕೆಲಸ ಮಾಡಿದ ಮೈಗೆ ಔಷಧಿ ಇದ್ದ ಹಾಗೆ ಎಂದು ಹದಿನೈದು ವರ್ಷ ಹೇಳಿಕೊಂಡು ಬಂದಿದ್ದೆ. ನಮ್ಮ ಕಡೆ ಈ ಲೆಕ್ಕದಲ್ಲಿ ಎರಡೇ ಜಾತಿ: ಕುಡಿಯುವವನು, ಕುಡಿಯದವನು. ಕಡಿಮೆ ಕುಡಿಯುವವನು ಎಂಬ ಜಾತಿಯನ್ನು ನಾವು ಕಂಡಿರಲಿಲ್ಲ.

ಶಿಕಾರಿಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. ಲಿವರಿನಲ್ಲಿ ಕೊಬ್ಬು ತುಂಬಿ ಬಾವು ಬಂದಿದೆ, ಇನ್ನೂ ಗಾಯ ಗಟ್ಟಿಯಾಗಿಲ್ಲ, ಈಗ ನಿಲ್ಲಿಸಿದರೆ ಅದು ತನ್ನಷ್ಟಕ್ಕೆ ತಾನು ಸರಿಹೋಗುವ ಅಂಗ ಎಂದರು. ನಾನು ಚೌಕಾಶಿಗೆ ಇಳಿದೆ. ಪೂರ್ತಿ ಯಾಕೆ ಸಾರ್, ಅರ್ಧಕ್ಕೆ ಇಳಿಸುತ್ತೇನೆ ಎಂದೆ. ಅವರು ಕನ್ನಡಕ ತೆಗೆದಿಟ್ಟು ನನ್ನನ್ನು ನೋಡಿದರು. ಯಾರೇ ಆಗಲಿ ಎಷ್ಟು ಕಮ್ಮಿ ಮಾಡಿದರೆ ಅಷ್ಟು ಒಳ್ಳೆಯದು, ಬಿಪಿ ಇಳಿಯುತ್ತದೆ, ನಿದ್ದೆ ಬರುತ್ತದೆ, ಹೊಟ್ಟೆಯ ಉರಿ ಹೋಗುತ್ತದೆ. ಆದರೆ ನಿಮ್ಮ ಲಿವರಿಗೆ ಈಗ ಬೇಕಾಗಿರುವುದು ಕಮ್ಮಿ ಅಲ್ಲ, ರಜೆ ಎಂದರು. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಅದಕ್ಕೆ ಈ ಮಾತ್ರೆ, ಇಲ್ಲದ್ದು ಕಂಡಂತೆ ಮಾತಾಡಿದರೆ ತಕ್ಷಣ ಕರೆತನ್ನಿ ಎಂದು ನನ್ನ ಹೆಂಡತಿಗೆ ಹೇಳಿ ಕಳಿಸಿದರು.

ಹೊರಗೆ ಬಂದವನು ಗಾಡಿ ಹತ್ತದೆ ಅದರ ಬಾಗಿಲು ಹಿಡಿದು ನಿಂತೆ. ಡಾಕ್ಟರ ಮಾತಿಗಲ್ಲ. ನನಗೆ ನೆನಪಾದದ್ದು ನನ್ನ ಗೆಳೆಯ. ಎರಡು ವರ್ಷದ ಹಿಂದೆ ಇದೇ ಹಳದಿ ಕಣ್ಣಿನವನನ್ನು ನಾನೇ ಗಾಡಿಯಲ್ಲಿ ಕೂರಿಸಿಕೊಂಡು ಸೊರಬದ ಕಡೆಯ ಅಜ್ಜಿಯ ಹತ್ತಿರ ಹೋಗಿದ್ದೆ.

ಆ ಕಥೆಯನ್ನು ಇಲ್ಲೇ ಹೇಳಬೇಕು. ಕುಪ್ಪಗಡ್ಡೆಯಿಂದ ಸ್ವಲ್ಪ ಒಳಗೆ ಒಂದು ಮನೆಯಲ್ಲಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವ ಅಜ್ಜಿ ಇದ್ದಾರೆ. ಖಾಲಿ ಹೊಟ್ಟೆಯಲ್ಲಿ, ಹೊತ್ತು ಹುಟ್ಟುವ ಮೊದಲು ಹೋಗಬೇಕು. ದುಡ್ಡು ಮುಟ್ಟುವುದಿಲ್ಲ, ಎಲೆ, ಅಡಿಕೆ, ಒಂದು ತೆಂಗಿನಕಾಯಿ. ಮೂರು ಬೆಳಿಗ್ಗೆ ಮಜ್ಜಿಗೆಯಲ್ಲಿ ಅರೆದ ಸೊಪ್ಪು, ಆಮೇಲೆ ಇಪ್ಪತ್ತೊಂದು ದಿನ ಪಥ್ಯ. ಪಥ್ಯದ ಪಟ್ಟಿಯನ್ನು ಅಜ್ಜಿ ಬೆರಳು ಮಡಚಿ ಹೇಳುತ್ತಾರೆ: ಉಪ್ಪು ಕಡಿಮೆ, ಖಾರ ಇಲ್ಲ, ಹುಳಿ ಇಲ್ಲ, ಮೀನು ಮಾಂಸ ಇಲ್ಲ, ಎಣ್ಣೆ ಇಲ್ಲ. ಕುಡಿತದ ಹೆಸರನ್ನು ಅವರು ಎತ್ತುವುದಿಲ್ಲ. ಅದು ಬಾಯಿಗೆ ತರುವ ಪದಾರ್ಥ ಎಂದೇ ಅವರಿಗೆ ಅನಿಸಿರಲಿಲ್ಲ.

ಎತ್ತದೆ ಇದ್ದರೂ ನಡೆಯುತ್ತಿತ್ತು. ನಮ್ಮಂಥವರ ಬಾಯಲ್ಲಿ ಎಣ್ಣೆ ಎಂದರೆ ಒಗ್ಗರಣೆಗೆ ಹಾಕುವುದು ಒಂದು, ಸಂಜೆ ಹೊಡೆಯುವುದು ಇನ್ನೊಂದು. ನನ್ನ ಗೆಳೆಯ ಎರಡನ್ನೂ ಬಿಟ್ಟ. ಗಂಜಿ, ಮಜ್ಜಿಗೆ ಅಂತ ಇಪ್ಪತ್ತೊಂದು ದಿನ ಸಾಧುವಿನ ಹಾಗೆ ಇದ್ದ. ಕಣ್ಣು ಬೆಳ್ಳಗಾಯಿತು, ಮುಖಕ್ಕೆ ಕಳೆ ಬಂತು, ಕುರಿ ಎತ್ತಿ ಗಾಡಿಗೆ ಹಾಕುವಾಗ ಏದುಸಿರು ಬಿಡುವುದು ನಿಂತಿತು. ಇಪ್ಪತ್ತೊಂದನೇ ದಿನ ನಾನೇ ಮತ್ತೆ ಕರೆದುಕೊಂಡು ಹೋದೆ. ಅಜ್ಜಿ ಅವನ ಕಣ್ಣು ನೋಡಿ, "ಇನ್ನು ಎಣ್ಣೆ ಆಗ್ತದೆ. ಸ್ವಲ್ಪ ಸ್ವಲ್ಪ ಶುರು ಮಾಡು" ಎಂದರು.

ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ. ಅಂಗಳ ದಾಟುವವರೆಗೆ ಹೇಗೋ ತಡೆದುಕೊಂಡು ಗಾಡಿಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕೆವು. ಆಗ ನಾನು ಒಂದು ಮಾತು ಅಂದೆ. "ಅಜ್ಜಿನೇ ಪರ್ಮಿಟ್ ಕೊಟ್ಟೈತಲ್ಲೋ." ತಮಾಷೆಗೆ ಅಂದದ್ದು. ಆದರೆ ನಮ್ಮ ಕಡೆ ಪಥ್ಯ ಹಿಡಿಯುವುದಕ್ಕಿಂತ ಪಥ್ಯ ಮುರಿಯುವುದೇ ದೊಡ್ಡ ಕಾರ್ಯ. ಒಂದು ಕೋಳಿ, ನಾಲ್ಕು ಜನ, ಒಂದು ಬಾಟಲಿ. ಆ ಸಂಜೆ ಅಂಬ್ಲಿಗೊಳದ ಏರಿಯ ಕೆಳಗಿನ ಮರದಡಿ ಅವನ ಲೋಟಕ್ಕೆ ಸುರಿದವನು ನಾನು. ಅವನು ಮೊದಲು ಬೇಡ ಅಂದ. ನಾನು ಪರ್ಮಿಟ್ಟಿನ ಮಾತನ್ನು ಇನ್ನೊಮ್ಮೆ ಅಂದೆ. ಔಷಧಿ ಕುಡಿದು ಲಿವರ್ ಹೊಸದಾಗಿದೆ ಎಂದು ಎಲ್ಲರೂ ನಂಬಿದ್ದೆವು, ಅವನೂ ನಂಬಿದ. ಮುಂದಿನ ಮಳೆಗಾಲದ ಹೊತ್ತಿಗೆ ಅವನ ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಬಾತವು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದದ್ದು ನನ್ನ ಗಾಡಿಯಲ್ಲೇ, ತಿರುಗಿ ತಂದದ್ದೂ ನನ್ನ ಗಾಡಿಯಲ್ಲೇ. ಅವನ ಹನ್ನೊಂದನೇ ದಿನದ ಸಂಜೆಯೂ ನಾವು ಕುಡಿದೆವು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಈಗ ನನ್ನ ಸರದಿ ಬಂದಾಗ ಹೆಂಡತಿ ಅದೇ ಅಜ್ಜಿಯ ಹತ್ತಿರ ಹೋಗೋಣ ಎಂದು ಹಟ ಹಿಡಿದಳು. ಡಾಕ್ಟರನ್ನು ಕೇಳಿದಳು. ಸೊಪ್ಪಿನ ಪರವಾಗಿ ನಾನು ಮಾತಾಡಲಾರೆ, ಮಾತ್ರೆ ಬಿಡಬೇಡಿ, ಎರಡು ವಾರಕ್ಕೊಮ್ಮೆ ರಕ್ತ ತೋರಿಸಿ ಎಂದರಂತೆ. ಒಂದು ಬೆಳಿಗ್ಗೆ ಅವಳ ತಮ್ಮ ಗಾಡಿ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಅಜ್ಜಿ ನನ್ನ ಗುರುತು ಹಿಡಿದುಬಿಟ್ಟರು.

"ನೀನು ಮೊದ್ಲು ಒಬ್ಬನ್ನ ಕರ್ಕಂಡು ಬಂದಿದ್ಯಲ್ಲ. ಅವ ಹ್ಯಾಂಗಿದಾನೆ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಆರಾಮಾಗಿದ್ದಾನೆ ಎಂದೆ. ಅಜ್ಜಿಗೆ ಎಷ್ಟು ಖುಷಿಯಾಯಿತೆಂದರೆ, ಒಳಗಿನಿಂದ ನನಗೆ ಕೂರಲು ಮಣೆ ತರಿಸಿದರು. ನನಗೆ ಆ ಮಣೆಯ ಮೇಲೆ ಕೂರುವುದಕ್ಕಾಗಲಿಲ್ಲ. ಬೆನ್ನು ನೋವು ಎಂದು ನಿಂತೇ ಸೊಪ್ಪಿನ ಮಜ್ಜಿಗೆ ಕುಡಿದೆ. ಬೆರಳು ಮಡಚಿ ಅದೇ ಪಟ್ಟಿ ಹೇಳಿದರು. ಕೊನೆಯ ಬೆರಳಿಗೆ ಎಣ್ಣೆ ಬಂತು.

ಮೊದಲ ಐದು ದಿನ ನನಗೆ ಬೇಡ, ನನ್ನ ಶತ್ರುವಿಗೂ ಬೇಡ. ಕೈ ನಡುಗಿ ಟೀ ಲೋಟ ಹಲ್ಲಿಗೆ ಬಡಿಯುತ್ತಿತ್ತು. ಮಾಗಿಯ ಚಳಿಯಲ್ಲೂ ಬನಿಯನ್ ಒದ್ದೆ. ಕುರಿಯ ಕೊರಳ ಗಂಟೆ ಕೇಳಿದರೆ ತಲೆಯೊಳಗೆ ಯಾರೋ ಜಾಗಟೆ ಬಡಿದಂತೆ. ಡಾಕ್ಟರ ಮಾತ್ರೆ ಇಲ್ಲದಿದ್ದರೆ ಏನಾಗುತ್ತಿತ್ತೋ. ನನ್ನ ಹೆಂಡತಿ ಮಾತ್ರ ನಾನು ಗೋಡೆ ನೋಡಿದರೂ ಬಿಡುತ್ತಿರಲಿಲ್ಲ, "ಏನ್ ಕಾಣ್ತೈತ್ರಿ?" ಎಂದು ಕೇಳುವಳು. ಸುಣ್ಣ ಕಾಣ್ತೈತಿ ಎಂದರೆ ಸಮಾಧಾನವಾಗಿ ಒಳಗೆ ಹೋಗುವಳು, ಐದು ನಿಮಿಷಕ್ಕೆ ಮತ್ತೆ ಬರುವಳು.

ಅಣ್ಣ ಮನೆಗೆ ಬಂದು ಹೋಗುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ. ನೀಲಿ ಬಣ್ಣದ ಡಬ್ಬಿ ನಮ್ಮ ಜಗಲಿಯ ಮೂಲೆಯಲ್ಲೇ ಇರುತ್ತಿತ್ತು. ಅವನು ಅದನ್ನು ಎತ್ತಿಕೊಂಡು ಕಡ್ಡಿಯಿಂದ ಕಲಕಿದಾಗಲೆಲ್ಲ ನನ್ನ ಬೆನ್ನು ಬಿಗಿಯುತ್ತಿತ್ತು. ನಗಬೇಡಿ. ಪಟ್ಟೆ ಬಿದ್ದ ಕುರಿಗಳಲ್ಲಿ ಅರ್ಧ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹತ್ತನೇ ದಿನದ ಹೊತ್ತಿಗೆ ಹಸಿವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಹಸಿವಾಗುವುದನ್ನು ನಾನು ಮರೆತೇಬಿಟ್ಟಿದ್ದೆ. ಎದೆಯ ಹುಳಿತೇಗು ಇಲ್ಲ. ನಿದ್ದೆ ಬಂದರೆ ಒಂದೇ ನಿದ್ದೆ. ಮೊದಲೆಲ್ಲ ಅದನ್ನು ಕುಡಿದರೇ ನಿದ್ದೆ ಬರುವುದು ಎಂದುಕೊಂಡಿದ್ದೆ, ಬೆಳಗಿನ ಜಾವ ಎಬ್ಬಿಸಿ ಕೂರಿಸುತ್ತಿದ್ದುದೂ ಅದೇ ಎಂದು ಈಗ ಗೊತ್ತಾಯಿತು. ಪ್ಯಾಂಟಿನ ಹುಕ್ಕು ಉಸಿರು ಹಿಡಿಯದೆ ಸಿಕ್ಕಿತು. ಹೆಂಡತಿಯ ಜೊತೆ ಜಗಳವಾಡಿದರೆ ಮರುದಿನ ಯಾವ ವಿಷಯಕ್ಕೆ ಎಂದು ನೆನಪಿರುತ್ತಿತ್ತು, ಇದೊಂದು ಲಾಭವೋ ನಷ್ಟವೋ ಹೇಳಲಾರೆ. ಆದರೆ ಸಂಜೆ ನಾಲ್ಕಾಯಿತೆಂದರೆ ಸಾಕು, ನಾಲಿಗೆ ಬಾಯೊಳಗೆ ತಿರುಗಾಡುತ್ತಿತ್ತು. ದಿನ ಎಣಿಸುತ್ತಿದ್ದೆ. ಇಪ್ಪತ್ತೊಂದಕ್ಕೆ ಇನ್ನು ಒಂಬತ್ತು, ಇನ್ನು ಐದು, ಇನ್ನು ಎರಡು.

ಹಾಗೆ ಎಣಿಸುತ್ತಿದ್ದವನು ನಾನೊಬ್ಬನೇ ಅಲ್ಲ. ಏರಿಯ ಕೆಳಗೆ ನನ್ನ ಜೊತೆ ಕುಡಿಯಲು ಕೂರುವ ಮೂವರೂ ಎಣಿಸುತ್ತಿದ್ದರು. ಅವರು ಕೆಟ್ಟವರಲ್ಲ. ನಾನು ಮಲಗಿದ್ದಾಗ ನನ್ನ ಬಾಡಿಗೆಗಳನ್ನು ತಪ್ಪದಂತೆ ನೋಡಿಕೊಂಡವರು. ಇಪ್ಪತ್ತೊಂದನೇ ದಿನಕ್ಕೆ ಹುಂಜ ಗೊತ್ತುಮಾಡಿದ್ದರು. ಹಿಂದಿನ ದಿನವಷ್ಟೇ ಎರಡನೇ ರಕ್ತ ಪರೀಕ್ಷೆಯಾಗಿತ್ತು. ಲಿವರಿನ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿದಿದೆ, ಆದರೆ ಇನ್ನೂ ಮುಗಿದಿಲ್ಲ, ಈಗ ಮುಟ್ಟಿದರೆ ಮೊದಲಿಗಿಂತ ಬೇಗ ಹಾಳಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ಇಳಿದಿದೆ ಎಂಬುದು ಮಾತ್ರ.

ಆ ದಿನ ಅಜ್ಜಿಯ ಮನೆಗೆ ನಾನೊಬ್ಬನೇ ಗಾಡಿ ಓಡಿಸಿಕೊಂಡು ಹೋದೆ. ಹೆಂಡತಿ ಬರುತ್ತೇನೆ ಎಂದಳು, ಬೇಡವೆಂದೆ. ಯಾಕೆ ಬೇಡವೆಂದೆ ಎಂದು ಅವಳಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತು, "ಸಂಜೆ ಗಂಜಿನೇ ಮಾಡಲೇನ್ರಿ, ಊಟಕ್ಕೆ ಕಾಯಂಗಿಲ್ಲೇನು?" ಎಂದಷ್ಟೇ ಕೇಳಿದಳು. ನಾನು ಗಾಡಿ ಹತ್ತಿದೆ.

ಅಜ್ಜಿ ಅಂಗಳದಲ್ಲಿ ಸೊಪ್ಪು ಹರವುತ್ತಿದ್ದರು. ನನ್ನನ್ನು ಬೆಳಕಿಗೆ ತಿರುಗಿಸಿ ಕಣ್ಣು ನೋಡಿ, ಚಲೋ ಆಯ್ತು ಎಂದು ತಲೆಯಾಡಿಸಿದರು. ಆಮೇಲೆ ಅದೇ ಧ್ವನಿಯಲ್ಲಿ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ:

"ಇನ್ನು ಎಣ್ಣೆ ಆಗ್ತದೆ. ಸ್ವಲ್ಪ ಸ್ವಲ್ಪ ಶುರು ಮಾಡು."

ಈ ಸಲ ನಗು ಬರಲಿಲ್ಲ. ಆದರೆ ನಿಜ ಹೇಳುತ್ತೇನೆ, ಎದೆಯೊಳಗೆ ಏನೋ ಸಡಿಲವಾಯಿತು, ಬಾಯಲ್ಲಿ ನೀರೂರಿತು. ಸ್ವಲ್ಪ ಸ್ವಲ್ಪ ಅಂದಿದ್ದಾರಲ್ಲ. ಡಾಕ್ಟರೂ ಕಮ್ಮಿ ಒಳ್ಳೆಯದು ಅಂದಿದ್ದರಲ್ಲ. ಎರಡನ್ನೂ ಜೋಡಿಸಿ ನನಗೆ ಬೇಕಾದ ಹಾಗೆ ಹೊಲಿದುಕೊಳ್ಳುತ್ತಿದ್ದೆ. ಕೈ ಮುಗಿದು ಹೊರಟಾಗ ಹಿಂದಿನಿಂದ ಅಜ್ಜಿ, ನಿನ್ನ ಆ ಗೆಳೆಯನಿಗೂ ಒಂದ್ಸಲ ಬಂದು ಮುಖ ತೋರಿಸಿ ಹೋಗು ಅಂತ ಹೇಳು ಎಂದರು. ಹೂಂ ಎಂದೆ.

ಸೊರಬ ದಾಟಿದೆ. ಶಿರಾಳಕೊಪ್ಪದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಫೋನ್ ಬಂತು. ಮೂವರಲ್ಲಿ ಒಬ್ಬ. ಏನಂತು ಅಜ್ಜಿ ಎಂದು ಕೇಳಿದ. ಎಣ್ಣೆ ಆಗ್ತದಂತೆ ಎಂದೆ. ಆ ಕಡೆ ಮೂವರೂ ಒಟ್ಟಿಗೆ ನಕ್ಕದ್ದು ಕೇಳಿಸಿತು. ನಗುತ್ತಲೇ ಅವನು ಅಂದ.

"ಅಜ್ಜಿನೇ ಪರ್ಮಿಟ್ ಕೊಟ್ಟೈತಲ್ಲೋ."

ಅದು ನನ್ನ ಮಾತು. ನಾನು ಹುಟ್ಟಿಸಿದ ಮಾತು ಎರಡು ವರ್ಷ ಅವರ ಬಾಯಲ್ಲಿ ಬೆಳೆದು ನನ್ನ ಹತ್ತಿರವೇ ಬಂದು ನಿಂತಿತ್ತು. ಸತ್ತವನ ಮುಖ ನನಗೆ ಆಗ ಕಂಡದ್ದು ಆಸ್ಪತ್ರೆಯಲ್ಲಿದ್ದ ಹಾಗಲ್ಲ. ಮರದಡಿ ಲೋಟ ಹಿಡಿದು, ಬೇಡ ಎಂದು ಒಂದು ಸಲ ಅಂದು, ನಾನು ನಕ್ಕದ್ದಕ್ಕೆ ತಾನೂ ನಕ್ಕವನ ಮುಖ. ಟೀ ಲೋಟ ನನ್ನ ಕೈಯಲ್ಲಿತ್ತು. ಒಂದು ಹನಿಯೂ ತುಳುಕಿರಲಿಲ್ಲ. ಕೈ ನಡುಗುತ್ತಿಲ್ಲ ಎಂದು ನಾನು ಸರಿಯಾಗಿ ನೋಡಿಕೊಂಡದ್ದು ಆವಾಗಲೇ. ಹುಂಜ ಕೊಯ್ಯಬೇಡಿ, ಇಲ್ಲ ನೀವೇ ತಿನ್ನಿ, ನಾನು ಬರುವುದಿಲ್ಲ ಎಂದು ಫೋನ್ ಇಟ್ಟೆ. ಮತ್ತೆ ಬಂತು, ಎತ್ತಲಿಲ್ಲ. ಗಾಡಿಯನ್ನು ಸೊರಬದ ಕಡೆಗೇ ತಿರುಗಿಸಿದೆ.

ಅಜ್ಜಿ ನನ್ನನ್ನು ನೋಡಿ ಏನು ಮರೆತು ಹೋದೆ ಎಂದು ಕೇಳಿದರು. ಈ ಸಲ ನಾನೇ ಮಣೆ ಎಳೆದುಕೊಂಡು ಕೂತೆ. ಅವನು ಇಲ್ಲ ಅಜ್ಜಿ, ಸತ್ತು ಒಂದೂವರೆ ವರ್ಷವಾಯಿತು, ಅವತ್ತು ಸುಳ್ಳು ಹೇಳಿದೆ ಎಂದೆ. ಕಾಮಾಲೆ ತಿರುಗಿ ಬಂತಾ ಎಂದರು. ಇಲ್ಲ, ಪಥ್ಯ ಮುರಿದದ್ದಕ್ಕೆ ಎಂದೆ. ನಾನೇ ಬಿಡಿಸಿದ್ದೆನಲ್ಲ ಪಥ್ಯ, ಎಣ್ಣೆ ಶುರು ಮಾಡು ಅಂದಿದ್ದೆನಲ್ಲ ಎಂದರು. ಆಗ ನಾನು ಆ ಶಬ್ದದ ಇನ್ನೊಂದು ಅರ್ಥವನ್ನು, ಎಂಬತ್ತು ದಾಟಿದ ಮುದುಕಿಯ ಮುಂದೆ, ಮಕ್ಕಳಿಗೆ ಅಕ್ಷರ ಹೇಳಿಕೊಟ್ಟ ಹಾಗೆ ಬಿಡಿಸಿ ಹೇಳಬೇಕಾಯಿತು. ಮೊದಲು ಅವರಿಗೆ ತಿಳಿಯಲಿಲ್ಲ. ಬಾಟಲಿಯಿಂದ ಲೋಟಕ್ಕೆ ಸುರಿಯುವಂತೆ ಕೈ ಮಾಡಿ ತೋರಿಸಿದೆ. ಪರ್ಮಿಟ್ಟಿನ ಮಾತು ಹೇಳಿದೆ. ಆ ಮಾತು ಆಡಿದವನು, ಸುರಿದವನು ನಾನು ಎಂದೂ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಹರವಿದ ಸೊಪ್ಪಿನ ಪಕ್ಕ ಕೂತು ಬೆರಳು ಮಡಚಿ ಎಣಿಸತೊಡಗಿದರು. ಅವರು ನನ್ನ ತಪ್ಪನ್ನು ಲೆಕ್ಕ ಹಾಕುತ್ತಿರಲಿಲ್ಲ.

"ಮೂವತ್ತು ವರ್ಷ ಆಯ್ತು ನಾ ಔಷಧಿ ಕೊಡ್ಲಿಕ್ಕೆ ಹಿಡ್ದು. ಎಷ್ಟು ಜನಕ್ಕೆ ಹಾಂಗೆ ಹೇಳಿ ಕಳ್ಸಿದೀನಿ ನಾನು?"

ಹತ್ತಿರ ಹೋಗಿ ಕಾಲು ಮುಟ್ಟಬೇಕು ಅನಿಸಿತು, ಧೈರ್ಯ ಬರಲಿಲ್ಲ. ಅವರೇ ಎದ್ದು ಒಳಗೆ ಹೋಗಿ ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ಬರುವ ಭಾನುವಾರ ಬಾ ಎಂದರು. ಕಣ್ಣು ಸರಿಯಾಗಿದೆಯಲ್ಲ ಅಜ್ಜಿ, ಯಾಕೆ ಎಂದು ಕೇಳಿದೆ. ಬಾ ಎಂದರೆ ಬಾ ಎಂದರು.

ಮನೆಗೆ ಹೋದಾಗ ಇನ್ನೂ ಹೊತ್ತಿತ್ತು. ಹೆಂಡತಿ ನನ್ನ ಬಾಯಿಯ ವಾಸನೆ ನೋಡುವುದಕ್ಕೆ ಹತ್ತಿರ ಬಂದು, ನೋಡಿದ್ದನ್ನು ಮುಚ್ಚಿಡಲು ನನ್ನ ಹೆಗಲಿನ ಟವೆಲ್ ತೆಗೆದುಕೊಂಡು ಒಳಗೆ ಹೋದಳು. ಗಂಜಿಗೆ ನೀರಿಟ್ಟ ಸದ್ದು ಕೇಳಿಸಿತು. ನನಗೆ ಅಳು ಬಂತು, ಜಗಲಿಯಲ್ಲೇ ಕೂತು ಅತ್ತೆ.

ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಕೈ ಕುಲುಕಿದರು. ಸೊಪ್ಪು ಎಷ್ಟು ಮಾಡಿತು, ಮಾತ್ರೆ ಎಷ್ಟು ಮಾಡಿತು ಎಂದು ಕೇಳಿದೆ. ಬಹುಪಾಲು ಮಾಡಿದ್ದು ನೀವು ಕುಡಿಯದೆ ಇದ್ದದ್ದು ಎಂದರು. ಏರಿಯ ಕೆಳಗಿನ ಮೂವರಲ್ಲಿ ಒಬ್ಬ ದಿನದ ಬದಲು ವಾರಕ್ಕೊಂದು ಸಲಕ್ಕೆ ಇಳಿಸಿದ್ದಾನೆ, ಬಿಪಿ ಹತೋಟಿಗೆ ಬಂದಿದೆಯಂತೆ. ಕಡಿಮೆ ಕುಡಿಯುವ ಜಾತಿಗೆ ನಮ್ಮೂರಿನಲ್ಲಿ ಅವನೇ ಮೂಲಪುರುಷ. ಉಳಿದಿಬ್ಬರು ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಾರೆ. ಅಣ್ಣ ಮತ್ತೆ ಒಂದು ಬೆಳಿಗ್ಗೆ ನನ್ನ ರೆಪ್ಪೆ ಜಗ್ಗಿ ನೋಡಿದ. ಹೂಂ ಎಂದು, ಕುರಿಗೆ ಮಾಡುವ ಹಾಗೆ ಬೆನ್ನಿಗೊಂದು ಏಟು ಹಾಕಿ ಕಳಿಸಿದ.

ಭಾನುವಾರ ಬೆಳಿಗ್ಗೆ ನಾನು ಈಗಲೂ ಅಜ್ಜಿಯ ಅಂಗಳದಲ್ಲಿರುತ್ತೇನೆ. ಪಥ್ಯ ಬಿಡಿಸಿಕೊಳ್ಳಲು ಬಂದವರಿಗೆ ಅಜ್ಜಿ ಈಗ ಅಡಿಗೆ ಎಣ್ಣೆ ಎಂದು ಬಿಡಿಸಿ ಹೇಳುತ್ತಾರೆ. ಆಮೇಲೆ ನನ್ನ ಕಡೆ ಕೈ ತೋರಿಸಿ, ಇನ್ನೊಂದು ಎಣ್ಣೆಯದ್ದನ್ನ ಇವ ಹೇಳ್ತಾನೆ ಕೇಳಿ ಎನ್ನುತ್ತಾರೆ. ನಾನು ನನ್ನ ಗೆಳೆಯನ ಕಥೆ ಹೇಳುತ್ತೇನೆ. ಮೊದಲನೇ ಭಾನುವಾರ, ಕೇಳುತ್ತಿದ್ದವನು ನನ್ನದೇ ವಯಸ್ಸಿನ ಗೃಹಸ್ಥ, ಪಕ್ಕದಲ್ಲಿ ಅವನ ಹೆಂಡತಿ. ಕಥೆ ಆ ಮಾತಿನ ಹತ್ತಿರ ಬಂದಾಗ, ಆಗ ಯಾರೋ ತಮಾಷೆಗೆ ಒಂದು ಮಾತು ಅಂದರು ಎಂದು ಹೇಳಿ ಮುಂದೆ ಹೋಗಲು ನೋಡಿದೆ. ಅಜ್ಜಿ ಸೊಪ್ಪು ಅರೆಯುವುದನ್ನು ನಿಲ್ಲಿಸಿದರು.

"ಯಾರೋ ಅಲ್ಲ. ಸರಿಯಾಗಿ ಹೇಳು."

ಅವತ್ತಿನಿಂದ ಸರಿಯಾಗಿಯೇ ಹೇಳುತ್ತಿದ್ದೇನೆ.